ಡೇಟಾ ಕಳವಾದಾಗ ಆನ್‌ಲೈನ್ ಅಂಗಡಿಗಳು ನಮಗೆ ಹೇಗೆ ಹೇಳುತ್ತವೆ? ಅದಕ್ಕೊಂದು ಸ್ಟಾರ್ ರೇಟಿಂಗ್

ಟೊಮೆಟೊ ಕೊಳೆತಿದ್ದರೆ ಒಂದು ಸ್ಟಾರ್ ಕೊಟ್ಟು ಬೈಯುತ್ತೇವೆ. ಡೆಲಿವರಿ ತಡವಾದರೂ ಬೈಯುತ್ತೇವೆ. ಆದರೆ ನಮ್ಮ ಹೆಸರು, ಫೋನ್ ನಂಬರ್, ಮನೆ ವಿಳಾಸ ಕಳ್ಳರ ಕೈ ಸೇರಿದ ಮೇಲೆ ಆ ಅಂಗಡಿ ನಮಗೆ ಹೇಗೆ ತಿಳಿಸಿತು ಅನ್ನೋದಕ್ಕೆ ಯಾರೂ ಸ್ಟಾರ್ ಕೊಡೋದಿಲ್ಲ. ಅದೂ ಒಂದು ಸರ್ವೀಸೇ ಅಲ್ವಾ? ಈ ರಿವ್ಯೂ ಅದೊಂದಕ್ಕೆ ಮಾತ್ರ.

ನಮ್ಮ ಬೆಂಗಳೂರಿನ ಬಿಗ್‌ಬಾಸ್ಕೆಟ್‌ನಿಂದಲೇ ಶುರು ಮಾಡೋಣ. 2020ರ ಅಕ್ಟೋಬರ್‌ನಲ್ಲಿ ಸುಮಾರು 2 ಕೋಟಿ ಗ್ರಾಹಕರ ಹೆಸರು, ಫೋನ್ ನಂಬರ್, ವಿಳಾಸ, ಹುಟ್ಟಿದ ತಾರೀಖಿನಂಥ ಮಾಹಿತಿ ಕಳವಾಯಿತು. ಸುದ್ದಿಯನ್ನು ಮೊದಲು ಹೊರಗೆ ಹಾಕಿದ್ದು ಸೈಬಲ್ ಅನ್ನೋ ಸೈಬರ್ ಭದ್ರತಾ ಕಂಪನಿ. ಡಾರ್ಕ್ ವೆಬ್ ಅನ್ನೋ ಇಂಟರ್ನೆಟ್‌ನ ಗುಪ್ತ ಮೂಲೆಯಲ್ಲಿ ಇದು 40,000 ಡಾಲರ್‌ಗೂ ಜಾಸ್ತಿ ಬೆಲೆಗೆ ಮಾರಾಟಕ್ಕಿದೆ ಅಂತ ನವೆಂಬರ್‌ನಲ್ಲಿ ಅದು ಹೇಳಿತು. ಬಿಗ್‌ಬಾಸ್ಕೆಟ್ ಬೆಂಗಳೂರಿನ ಸೈಬರ್ ಕ್ರೈಂ ಪೊಲೀಸರಿಗೆ ದೂರು ಕೊಟ್ಟಿತು, ಅದು ಸರಿ. ಆದರೆ ಅದರ ಹೇಳಿಕೆಯಲ್ಲಿ ಒತ್ತಿ ಹೇಳಿದ್ದು ಏನು ಗೊತ್ತಾ? ಕಾರ್ಡ್ ನಂಬರ್ ನಾವು ಇಟ್ಟುಕೊಳ್ಳೋದೇ ಇಲ್ಲ, ಹಣದ ಮಾಹಿತಿ ಭದ್ರವಾಗಿದೆ ಅಂತ.

ಸಂತೋಷ. ಕಾರ್ಡ್ ಹೋದರೆ ಬ್ಯಾಂಕಿಗೆ ಫೋನ್ ಮಾಡಿ ಬ್ಲಾಕ್ ಮಾಡಿಸಬಹುದು. ಹುಟ್ಟಿದ ತಾರೀಖನ್ನು ಯಾರಿಗೆ ಹೇಳಿ ಬದಲಾಯಿಸೋದು? ಆಪ್‌ನಲ್ಲಿ ನಾವು ವಿಳಾಸ ಬರೆಯೋ ರೀತಿ ನೋಡಿ: ಎಷ್ಟನೇ ಕ್ರಾಸ್, ಯಾವ ಮಹಡಿ, ಗಣಪತಿ ದೇವಸ್ಥಾನದ ಎದುರು, ಹಸಿರು ಗೇಟ್. ಇಷ್ಟು ಗೊತ್ತಿರೋನು ಫೋನ್ ಮಾಡಿ, ಹೆಸರು ಹಿಡಿದು ಕರೆದು, "ಮೇಡಂ, ನಿಮ್ಮ ಪಾರ್ಸಲ್ ಬಂದಿದೆ, ಒಟಿಪಿ ಹೇಳಿ" ಅಂದರೆ ಎಂಥವರೂ ನಂಬುತ್ತಾರೆ. 2021ರ ಏಪ್ರಿಲ್‌ನಲ್ಲಂತೂ ಅದೇ ಡೇಟಾವನ್ನು ಯಾರು ಬೇಕಾದರೂ ತಗೊಳ್ಳಿ ಅಂತ ಹ್ಯಾಕರ್‌ಗಳು ಪುಕ್ಕಟೆ ಹಂಚಿಬಿಟ್ಟರು. ಪಾಸ್‌ವರ್ಡ್‌ಗಳು ಎಸ್‌ಎಚ್‌ಎ-1 ಅನ್ನೋ ಹಳೇ ವಿಧಾನದಲ್ಲಿ ಹ್ಯಾಶ್ ಆಗಿದ್ದವು, ಅಂದರೆ ನೇರವಾಗಿ ಓದಲಾಗದ ಸಂಕೇತಗಳಾಗಿದ್ದವು; ಆದರೆ ಸುಲಭದ ಪಾಸ್‌ವರ್ಡ್ ಆಗಿದ್ದರೆ ಅದನ್ನು ಒಡೆಯೋದು ಕಷ್ಟವೇ ಅಲ್ಲ. ಎರಡು ಸ್ಟಾರ್, ಅದೂ ಪೊಲೀಸ್ ದೂರಿಗೆ.

ಅಮೆರಿಕದ ಆನ್‌ಲೈನ್ ಮಾರಾಟ ತಾಣ ಇಬೇಗೆ ಮೂರು. 2014ರ ಫೆಬ್ರವರಿ ಕೊನೆ, ಮಾರ್ಚ್ ಶುರುವಿನಲ್ಲಿ ಕೆಲವು ನೌಕರರ ಲಾಗಿನ್ ಕದ್ದು ಒಳಗೆ ನುಗ್ಗಿದ್ದರು. ಕಂಪನಿ ಬಾಯಿ ಬಿಟ್ಟಿದ್ದು ಮೇ 21ಕ್ಕೆ. ಆಗ ಅದಕ್ಕೆ ಇದ್ದ ಬಳಕೆದಾರರು 14.5 ಕೋಟಿ! ತಡ ಮಾಡಿದ್ದಕ್ಕೆ ಸರಿಯಾಗಿ ಉಗಿಸಿಕೊಂಡಿತು. ಆದರೂ ಎಲ್ಲರೂ ಪಾಸ್‌ವರ್ಡ್ ಬದಲಾಯಿಸಿ ಅಂತ ನೇರವಾಗಿ ಹೇಳಿತಲ್ಲ, ಮೂರನೇ ಸ್ಟಾರ್ ಅದಕ್ಕೆ.

ಅಮೆಜಾನ್ 2018ರ ನವೆಂಬರ್‌ನಲ್ಲಿ ಕೆಲವು ಗ್ರಾಹಕರಿಗೆ ಒಂದು ಮೇಲ್ ಕಳಿಸಿತು. ತಾಂತ್ರಿಕ ದೋಷದಿಂದ ನಿಮ್ಮ ಇಮೇಲ್ ವಿಳಾಸ ಬಹಿರಂಗವಾಗಿದೆ, ಸರಿಪಡಿಸಿದ್ದೇವೆ, ಪಾಸ್‌ವರ್ಡ್ ಬದಲಿಸಬೇಕಿಲ್ಲ. ಮುಗೀತು. ಎಷ್ಟು ಜನರದ್ದು, ಯಾರಿಗೆ ಕಾಣಿಸಿತು, ಒಂದೂ ಇಲ್ಲ. ಎಷ್ಟು ಚುಟುಕಾಗಿತ್ತು ಅಂದರೆ ಇದು ಮೋಸದ ಮೇಲ್ ಇರಬಹುದು ಅಂತ ಜನರಿಗೇ ಅನುಮಾನ ಬಂತು. ಎರಡು ಸ್ಟಾರ್.

ಕಾನೂನು ಏನು ಮಾಡುತ್ತೆ ಅಂತೀರಾ? 2022ರಿಂದ ಇಂಥ ಘಟನೆಯನ್ನು 6 ಗಂಟೆಯೊಳಗೆ ಸರ್ಟ್-ಇನ್‌ಗೆ ತಿಳಿಸಬೇಕು, ಆದರೆ ಅದು ಸೈಬರ್ ಭದ್ರತೆ ನೋಡಿಕೊಳ್ಳೋ ಸರ್ಕಾರದ ಸಂಸ್ಥೆ, ನಾವಲ್ಲ. 2023ರ ಡೇಟಾ ರಕ್ಷಣೆ ಕಾಯ್ದೆ ಮತ್ತು ಅದರ ನಿಯಮಗಳಲ್ಲಿ ಕೊನೆಗೂ ನಮ್ಮ ಲೆಕ್ಕ ಬಂತು: ಏನಾಯಿತು, ಇದರಿಂದ ನಮಗೇನು ತೊಂದರೆ, ನಾವೇನು ಮಾಡಬೇಕು ಅನ್ನೋದನ್ನು ತೊಂದರೆಗೊಳಗಾದ ಪ್ರತಿಯೊಬ್ಬರಿಗೂ ಸರಳವಾಗಿ, ತಡಮಾಡದೆ ಹೇಳಬೇಕು, ಇಲ್ಲದಿದ್ದರೆ 200 ಕೋಟಿ ರೂಪಾಯಿವರೆಗೆ ದಂಡ. ನಿಯಮಗಳು ಬಂದಿದ್ದು 2025ರ ನವೆಂಬರ್‌ನಲ್ಲಿ, ಈ ಭಾಗಕ್ಕೆ ಇನ್ನೂ 18 ತಿಂಗಳ ಗಡುವು ಬೇರೆ ಕೊಟ್ಟಿದ್ದಾರೆ.

ನನ್ನ ಬೇಡಿಕೆ ಸಣ್ಣದು. ಆಪ್ ತೆರೆದ ಕೂಡಲೇ ದೀಪಾವಳಿ ಆಫರ್ ಕಣ್ಣಿಗೆ ಹೊಡೆಯುತ್ತಲ್ಲ, ಡೇಟಾ ಕಳವಾದ ಸುದ್ದಿಯನ್ನೂ ಅಲ್ಲೇ ಹಾಕಲಿ, ಕನ್ನಡದಲ್ಲೂ ಹಾಕಲಿ. ಮೇಲ್‌ನಲ್ಲಿ ಲಿಂಕ್ ಬೇಡವೇ ಬೇಡ, ಕಳ್ಳರೂ ಅದೇ ಥರದ ಮೇಲ್ ಕಳಿಸುತ್ತಾರೆ. ಸದ್ಯಕ್ಕೆ ಹ್ಯಾವ್ ಐ ಬೀನ್ ಪೋನ್ಡ್ ತಾಣದಲ್ಲಿ ನಿಮ್ಮ ಇಮೇಲ್ ಹಾಕಿ ನೋಡಿ, ಅದು ಯಾವ ಯಾವ ಕಳವಿನಲ್ಲಿ ಹೋಗಿದೆ ಅಂತ ಅಲ್ಲಿ ಗೊತ್ತಾಗುತ್ತೆ. ಬಿಗ್‌ಬಾಸ್ಕೆಟ್ ಹೆಸರು ಬಂದರೆ, ಅದೇ ಪಾಸ್‌ವರ್ಡ್ ಬೇರೆ ಎಲ್ಲೆಲ್ಲಿ ಇಟ್ಟಿದ್ದೀರೋ ಅಲ್ಲೆಲ್ಲ ಇವತ್ತೇ ಬದಲಾಯಿಸಿ.