ಅಭಿಮಾನಿ ವಿಡಿಯೊ ಹಂಚೋಕೆ ಯಾವ ಫಾರ್ಮ್ಯಾಟ್? ನಾಲ್ಕನ್ನೂ ಹಾಕಿ ನೋಡಿದೆ

ಮಾರ್ಚ್ 17 ಅಪ್ಪು ಹುಟ್ಟುಹಬ್ಬ. 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ತೀರಿಕೊಂಡ ಮೇಲೆ ಪ್ರತಿ ವರ್ಷ ಈ ದಿನಕ್ಕೆ ಅಂತಲೇ ಒಂದು ವಿಡಿಯೊ ಕಟ್ಟುತ್ತೇನೆ. ಒಂದು ಹಾಡು, ಅದರ ತಾಳಕ್ಕೆ ಕೂಡಿಸಿದ ಬೇರೆ ಬೇರೆ ಸಿನಿಮಾಗಳ ತುಣುಕುಗಳು. ನಮ್ಮ ಬಡಾವಣೆಯ ಸರ್ಕಲ್‌ನಲ್ಲಿ ಮಧ್ಯಾಹ್ನ ಅನ್ನದಾನ, ಸಂಜೆ ಎಲ್‌ಇಡಿ ಪರದೆ. ಆ ಪರದೆ ಮೇಲೆ ಅದು ಓಡುತ್ತದೆ. ಆಮೇಲೆ ಗ್ರೂಪುಗಳಲ್ಲಿ ಹರಿದಾಡುತ್ತದೆ.

ಎರಡು ವರ್ಷದ ಹಿಂದೆ ಪರದೆ ಮೇಲೆ ಹಾಡು ಮಾತ್ರ ಬಂತು, ಚಿತ್ರ ಬರಲಿಲ್ಲ. ಐದಾರು ನೂರು ಜನ ಕಪ್ಪು ಪರದೆ ನೋಡುತ್ತಾ ನಿಂತಿದ್ದರು. ಎಲ್‌ಇಡಿ ಹುಡುಗನ ಹಳೇ ಲ್ಯಾಪ್‌ಟಾಪ್‌ಗೆ ನನ್ನ ಫೈಲ್ ಅರ್ಥವೇ ಆಗಿರಲಿಲ್ಲ. ಹೆಸರಿನ ಕೊನೆಗೆ ಎಂಪಿ4 ಅಂತಲೇ ಇತ್ತು. ಆದರೆ ಎಂಪಿ4 ಬರೀ ಡಬ್ಬಿ. ಒಳಗೆ ಚಿತ್ರಾನ್ನ ಇದೆಯೋ ಮೊಸರನ್ನ ಇದೆಯೋ ಹೊರಗಿಂದ ಗೊತ್ತಾಗಲ್ಲ. ನಾನು ಒಳಗೆ ತುಂಬಿದ್ದು ಎಚ್.265, ಅಂದರೆ ವಿಡಿಯೊ ಕುಗ್ಗಿಸಿ ಬರೆಯುವ ಒಂದು ವಿಧಾನ. ಸೈಜು ಕಡಿಮೆ ಆಗುತ್ತದೆ ಅಂತ ಅದನ್ನು ಆರಿಸಿದ್ದೆ. ಆವತ್ತಿನ ಬೇಜಾರು ಇವತ್ತಿಗೂ ಹೋಗಿಲ್ಲ. ಅದಕ್ಕೇ ಈ ಸಲ ಫೆಬ್ರವರಿಯಲ್ಲೇ ಕೂತು ಇಂಥ ನಾಲ್ಕು ಫಾರ್ಮ್ಯಾಟ್‌ಗಳನ್ನೂ ಒಂದೇ ವಿಡಿಯೊ ಮೇಲೆ ಹಾಕಿ ನೋಡಿದೆ: ಎಚ್.264, ಎಚ್.265, ವಿಪಿ9, ಎವಿ1.

ವಿಡಿಯೊ ಇದ್ದದ್ದು 4 ನಿಮಿಷ 10 ಸೆಕೆಂಡು. 1080ಪಿ, ಸೆಕೆಂಡಿಗೆ 24 ಫ್ರೇಮ್, ಒಟ್ಟು 6000 ಫ್ರೇಮ್. ಎಡಿಟಿಂಗ್ ಸಾಫ್ಟ್‌ವೇರ್‌ನಿಂದ ಡಿಎನ್‌ಎಕ್ಸ್‌ಎಚ್‌ಆರ್‌ನಲ್ಲಿ (ಹೆಚ್ಚು ಕುಗ್ಗಿಸದ, ಎಡಿಟಿಂಗ್‌ಗೆ ಬಳಸುವ ಫಾರ್ಮ್ಯಾಟ್) ತೆಗೆದ ಮಾಸ್ಟರ್, ಅಂದರೆ ಮೂಲ ಪ್ರತಿ, ಸುಮಾರು ಐದೂವರೆ ಜಿಬಿ. ಅದರಿಂದ ಎಫ್‌ಎಫ್‌ಎಂಪೆಗ್ ಅನ್ನುವ ಉಚಿತ ಸಾಫ್ಟ್‌ವೇರ್ ಬಳಸಿ ಬೇರೆ ಬೇರೆ ಪ್ರತಿ ಮಾಡಿದೆ. ಲ್ಯಾಪ್‌ಟಾಪ್ ಏನೂ ಹೊಸದಲ್ಲ, ನಾಲ್ಕು ಕೋರ್‌ನದ್ದು.

ಇಂಥ ವಿಡಿಯೊ ಕುಗ್ಗಿಸೋದು ಮಾಮೂಲಿ ಸಿನಿಮಾ ಕುಗ್ಗಿಸಿದ ಹಾಗಲ್ಲ. ಕುಗ್ಗಿಸುವ ವಿದ್ಯೆ ನಿಂತಿರೋದೇ ಹಿಂದಿನ ಫ್ರೇಮಿಗೂ ಈ ಫ್ರೇಮಿಗೂ ಇರುವ ಹೋಲಿಕೆ ಮೇಲೆ. ಇಬ್ಬರು ಕೂತು ಮಾತಾಡುವ ಸೀನಿನಲ್ಲಿ ಬದಲಾಗೋದು ತುಟಿ, ಕಣ್ಣು ಅಷ್ಟೇ. ನಮ್ಮ ವಿಡಿಯೊದಲ್ಲಿ ಹಾಗಿಲ್ಲ. ತಮಟೆ ಪೆಟ್ಟಿಗೊಂದು ಕಟ್, ಕಟ್ ಮಧ್ಯೆ ಒಂದೊಂದು ಫ್ರೇಮಿನ ಬಿಳಿ ಮಿಂಚು. ನನ್ನ ವಿಡಿಯೊದಲ್ಲಿ 140ಕ್ಕೂ ಜಾಸ್ತಿ ಕಟ್ ಇವೆ. ಪ್ರತಿ ಕಟ್‌ನಲ್ಲೂ ಚಿತ್ರವನ್ನು ಮೊದಲಿಂದ ಬರೆಯಬೇಕು. ಹಾಗಾಗಿ ಸಿನಿಮಾಕ್ಕೆ ಹೇಳುವ ಬಿಟ್‌ರೇಟ್ (ಸೆಕೆಂಡಿಗೆ ಎಷ್ಟು ಡೇಟಾ ಅನ್ನುವ ಲೆಕ್ಕ) ನಮಗೆ ಸಾಲಲ್ಲ.

ಹೋಲಿಸುವಾಗ ಇನ್ನೊಂದು ವಿಷಯ ನೋಡಿಕೊಳ್ಳಬೇಕು. ಸಿಆರ್‌ಎಫ್ ಅಂಕಿಯನ್ನು (ಗುಣಮಟ್ಟದ ಸೆಟ್ಟಿಂಗ್; ಅಂಕಿ ಕಡಿಮೆಯಾದಷ್ಟೂ ಚಿತ್ರ ಚೆನ್ನ, ಫೈಲ್ ದೊಡ್ಡದು) ಒಂದೇ ಇಟ್ಟು ಎರಡು ಫಾರ್ಮ್ಯಾಟ್ ಹೋಲಿಸಿದರೆ ಏನೂ ತಿಳಿಯಲ್ಲ. ಎಚ್.264 ಮಾಡುವ ಸಾಫ್ಟ್‌ವೇರ್ ಎಕ್ಸ್264ನಲ್ಲಿ ಸುಮ್ನೆ ಬಿಟ್ಟರೆ ಅದು 23, ಎಚ್.265 ಮಾಡುವ ಎಕ್ಸ್265ನಲ್ಲಿ 28. ಎವಿ1ನಲ್ಲಂತೂ ಅಳತೆಯೇ 63ರವರೆಗೆ ಹೋಗುತ್ತದೆ. ಒಂದರ 23 ಇನ್ನೊಂದರ 23 ಅಲ್ಲ. ಅದಕ್ಕೇ ನಾಲ್ಕಕ್ಕೂ ಒಂದೇ ಸೈಜು ಕೊಟ್ಟೆ: 100 ಎಂಬಿ. ಈ ಉದ್ದಕ್ಕೆ ಅದು ಚಿತ್ರಕ್ಕೆ ಸೆಕೆಂಡಿಗೆ ಹತ್ತಿರ ಹತ್ತಿರ 3 ಮೆಗಾಬಿಟ್, ಹಾಡಿಗೆ 192 ಕಿಲೊಬಿಟ್. ಆಮೇಲೆ ಮೂರು ಜಾಗದಲ್ಲಿ ವಿಡಿಯೊ ನಿಲ್ಲಿಸಿ ಮಾಸ್ಟರ್ ಪಕ್ಕ ಇಟ್ಟು ನೋಡಿದೆ.

ಮೊದಲ ಜಾಗ 1980ರ ದಶಕದ ಒಂದು ಸೀನು. ಅಪ್ಪು ಬಾಲನಟ, ಮುಖ ಪರದೆ ತುಂಬ. ಹಳೇ ಫಿಲ್ಮ್, ಹಾಗಾಗಿ ಕೆನ್ನೆ ಮೇಲೆಲ್ಲ ಗ್ರೇನ್ ಸಣ್ಣ ರವೆ ಹಾಗೆ ಆಡುತ್ತಿರುತ್ತದೆ. ಎಚ್.264 ಇಲ್ಲಿ ಒದ್ದಾಡಿತು. ಗ್ರೇನ್ ಉಳಿಸೋಕೆ ಹೋಗಿ ಗಲ್ಲದ ಕೆಳಗಿನ ನೆರಳಿನಲ್ಲಿ ಚೌಕ ಚೌಕ ಕಾಣಿಸಿತು. ಎಚ್.265ರಲ್ಲಿ ಒಂದೂ ಚೌಕ ಇಲ್ಲ, ಬಹಳ ಶುಭ್ರ. ಆದರೆ ಕೆನ್ನೆಯೂ ಶುಭ್ರ! ಮಗುವಿನ ಮುಖ ಮೇಣದ ಬೊಂಬೆ ಹಾಗೆ ಆಗಿತ್ತು. ಹುಬ್ಬಿನ ಕೂದಲು ಒಂದಕ್ಕೊಂದು ಅಂಟಿಕೊಂಡಿದ್ದವು. ಎಕ್ಸ್265ರಲ್ಲಿ ಎಸ್‌ಎಒ ಅನ್ನುವ ನಯ ಮಾಡುವ ಹಂತ ಒಂದಿದೆ, ಅದು ತಾನಾಗೇ ಆನ್ ಇರುತ್ತದೆ. ಅದನ್ನು ಆಫ್ ಮಾಡಿ ಮತ್ತೆ ಎನ್‌ಕೋಡ್ ಮಾಡಿದೆ. ಹುಬ್ಬು ವಾಪಸ್ ಬಂತು, ಚರ್ಮವೂ ಸ್ವಲ್ಪ ಬಂತು. ಎಚ್.265 ಬಳಸುವವರು ಇದೊಂದನ್ನು ಮರೀಬೇಡಿ.

ಎವಿ1 ಮಾಡಿದ್ದು ಬೇರೆಯೇ ಕೆಲಸ. ಅದರಲ್ಲಿ ಗ್ರೇನನ್ನು ಮೊದಲು ಚಿತ್ರದಿಂದ ಬಿಡಿಸಿ, ಅದು ಎಂಥ ಗ್ರೇನ್ ಅನ್ನುವ ಲೆಕ್ಕವನ್ನಷ್ಟೇ ಬರೆದಿಟ್ಟು, ಓಡಿಸುವಾಗ ಹೊಸದಾಗಿ ಚಿಮುಕಿಸುವ ವ್ಯವಸ್ಥೆ ಇದೆ. ಮೂಲದ ಗ್ರೇನ್ ಅದಲ್ಲ, ಅದೇ ಜಾತಿಯದು. ಫ್ರೇಮ್ ನಿಲ್ಲಿಸಿ ನೋಡಿದರೆ ಚುಕ್ಕಿಗಳು ಮಾಸ್ಟರ್‌ಗೆ ಹೊಂದಲ್ಲ. ಓಡುವಾಗ ಮಾತ್ರ ಹಳೇ ಥಿಯೇಟರಿನ ಆ ಮೈ ಸರಿಯಾಗಿ ಬರುತ್ತದೆ. ಅಷ್ಟು ಕಡಿಮೆ ಬಿಟ್‌ನಲ್ಲಿ ಆ ಮುಖ ಅಷ್ಟು ಜೀವಂತವಾಗಿ ಕಂಡದ್ದು ನನಗೆ ನಿಜಕ್ಕೂ ಖುಷಿ ಕೊಟ್ಟಿತು.

ಎರಡನೇ ಜಾಗ, ಕತ್ತಲ ವೇದಿಕೆ, ಹಿಂದೆ ನೀಲಿ ಬೆಳಕು ಮೆಲ್ಲಗೆ ಕಪ್ಪಿಗೆ ಕರಗುತ್ತದೆ. ಎಚ್.264 ಪ್ರತಿಯಲ್ಲಿ ಅದು ಕರಗಲಿಲ್ಲ, ಮೆಟ್ಟಿಲು ಮೆಟ್ಟಿಲಾಯಿತು. 10 ಬಿಟ್‌ನಲ್ಲಿ (ಮಾಮೂಲಿ 8 ಬಿಟ್‌ಗಿಂತ ಬಣ್ಣದ ಹಂತಗಳು ಜಾಸ್ತಿ) ಮಾಡಿದ ಎಚ್.265 ಮತ್ತು ಎವಿ1 ಎರಡರಲ್ಲೂ ಮೆಟ್ಟಿಲು ಇಲ್ಲವೇ ಇಲ್ಲ ಅನ್ನಬಹುದು. ಎಚ್.264ಗೂ 10 ಬಿಟ್ ಇದೆ, ಆದರೆ ಅದನ್ನು ಹೆಚ್ಚಿನ ಫೋನು, ಟಿವಿಗಳ ಚಿಪ್ ಓದಲ್ಲ. ಹಾಗಾಗಿ ಅದು ಇದ್ದೂ ಇಲ್ಲದ ಹಾಗೆ.

ಮೂರನೆಯದು ನಮ್ಮ ಹಳದಿ ಕೆಂಪು ಬಾವುಟ. ಇದನ್ನು ಕೊನೆಗೆ ಹೇಳುತ್ತೇನೆ.

ವಿಪಿ9 ಬಗ್ಗೆ ಹೆಚ್ಚು ಹೇಳೋದಿಲ್ಲ. ಚಿತ್ರ ಎಚ್.265ರ ಹತ್ತಿರಕ್ಕೇ ಬರುತ್ತದೆ. ಗೂಗಲ್‌ನವರು 2013ರಲ್ಲಿ ತಂದದ್ದು, ಲೈಸೆನ್ಸ್ ತಾಪತ್ರಯ ಕಡಿಮೆ, ಯೂಟ್ಯೂಬ್ ತನ್ನ ಕಡೆ ಬಳಸುತ್ತದೆ. ಆದರೆ ನಾವು ನಮ್ಮ ಕೈಯಿಂದ ಹಂಚುವ ಫೈಲಿಗೆ ಅದನ್ನು ಆರಿಸಲು ನನಗೆ ಕಾರಣ ಸಿಗಲಿಲ್ಲ. ಎನ್‌ಕೋಡ್ ಆಗೋಕೆ ನಾಲ್ಕರಲ್ಲಿ ಅದೇ ಅತಿ ಹೆಚ್ಚು ಹೊತ್ತು ತಗೊಂಡಿತು, ಮುಕ್ಕಾಲು ಗಂಟೆ. ಎಚ್.264 ‘ಸ್ಲೋ’ ಸೆಟ್ಟಿಂಗ್‌ನಲ್ಲಿ ಎರಡು ಪಾಸ್ (ಮೊದಲು ಅಳೆದು, ಆಮೇಲೆ ಕುಗ್ಗಿಸೋದು) ಸೇರಿ ಎಂಟು ನಿಮಿಷ. ಎಚ್.265 ಅರ್ಧ ಗಂಟೆ. ಎಸ್‌ವಿಟಿ ಎನ್‌ಕೋಡರಿನಲ್ಲಿ ಎವಿ1 ಇಪ್ಪತ್ತೈದು ನಿಮಿಷ. ಎವಿ1 ಅಂದರೆ ರಾತ್ರಿಯಿಡೀ ಕಾಯಬೇಕು ಅನ್ನುವ ಮಾತು ಹಳೇದಾಯಿತು.

ಇಷ್ಟು ನೋಡಿದರೆ ಎವಿ1 ಗೆದ್ದ ಹಾಗೇ ಅಲ್ವಾ? ಒಂದೇ ಸೈಜಿನಲ್ಲಿ ಚಿತ್ರ ಅಂತ ಕೇಳಿದರೆ ಹೌದು, ಅದೇ ಗೆದ್ದಿದ್ದು. ಎರಡನೇದು ಎಚ್.265. ಆದರೆ ಚಿತ್ರ ನನ್ನ ಲ್ಯಾಪ್‌ಟಾಪ್‌ನಲ್ಲಿ ಚೆನ್ನಾಗಿ ಕಂಡರೆ ಸಾಲದು. ಒಂದು ಭಾನುವಾರ ನಾಲ್ಕೂ ಫೈಲ್ ಪೆನ್‌ಡ್ರೈವಿಗೆ ಹಾಕಿಕೊಂಡು ಮನೆ ಮನೆ ಸುತ್ತಿದೆ.

ಮಾವನ ಮನೆಯ ಟಿವಿ ಹಳೇದು. ಎಚ್.264 ಹಾಕಿದ ತಕ್ಷಣ ಓಡಿತು. ಉಳಿದ ಮೂರಕ್ಕೂ ‘ಫೈಲ್ ಬೆಂಬಲಿಸುವುದಿಲ್ಲ’ ಅಂತ ಬಂತು. ಅಮ್ಮನ ಫೋನಿನಲ್ಲಿ ಎಚ್.265, ವಿಪಿ9 ಎರಡೂ ಓಡಿದವು. ಎವಿ1 ಮಾತ್ರ ಕಟ್‌ಗಳು ಜೋರಾದ ಕಡೆ ಕುಂಟಿತು. ಆ ಫೋನಿನ ಚಿಪ್‌ಗೆ ಎವಿ1 ಓದುವ ಭಾಗ ಇಲ್ಲ, ಎಲ್ಲವನ್ನೂ ಸಾಫ್ಟ್‌ವೇರೇ ಮಾಡಬೇಕು. ಹಾಡು ಮುಂದೆ, ಕಟ್ ಹಿಂದೆ. ತಾಳಕ್ಕೆ ಕೂಡಿಸಿದ ಕಟ್ ಅರ್ಧ ಸೆಕೆಂಡು ತಡವಾದರೂ ವಿಡಿಯೊ ಮಾಡಿದ್ದೇ ದಂಡ. ತಮ್ಮನ ಐಫೋನಿನಲ್ಲಿ ಎಚ್.265 ಮೊದಲು ಓಡಲಿಲ್ಲ. ಅದು ನನ್ನ ತಪ್ಪು. ಎಂಪಿ4 ಒಳಗೆ ಎಚ್.265ಗೆ ಎರಡು ಥರದ ಗುರುತು ಹಾಕಬಹುದು. ಆಪಲ್ ಸಾಧನಗಳಿಗೆ ಬೇಕಾದ್ದು ‘ಎಚ್‌ವಿಸಿ1’ ಅನ್ನುವ ಗುರುತು, ಎಫ್‌ಎಫ್‌ಎಂಪೆಗ್ ತಾನಾಗಿ ಹಾಕೋದು ಇನ್ನೊಂದು. ಗುರುತು ಬದಲಿಸಿದ ಮೇಲೆ ಸರಾಗವಾಗಿ ಓಡಿತು. ಐಫೋನುಗಳಲ್ಲಿ ಎವಿ1 ಓದುವ ಚಿಪ್ ಬಂದಿದ್ದೇ 2023ರ 15 ಪ್ರೊದಿಂದ.

ಎಲ್ಲ ಕಡೆ, ಒಂದೂ ಮಾತಿಲ್ಲದೆ ಓಡಿದ್ದು ಎಚ್.264 ಒಂದೇ. 2003ರ ಫಾರ್ಮ್ಯಾಟ್. ಅದರಿಂದಲೇ ಅದಕ್ಕೆ ಈ ಶಕ್ತಿ. ಇಷ್ಟು ವರ್ಷದಲ್ಲಿ ಬಂದ ಚಿಪ್ಪುಗಳೆಲ್ಲ ಅದನ್ನು ಓದೋದು ಕಲಿತಿವೆ.

ಹಾಗಾದರೆ ಆ ಚೌಕಗಳು? ಅದಕ್ಕೆ ಜಾಗ ಕೊಟ್ಟರೆ ಆಯಿತು. 100 ಎಂಬಿಯ ಹಟ ಬಿಟ್ಟು, ಸಿಆರ್‌ಎಫ್ 20, ಪ್ರಿಸೆಟ್ ‘ಸ್ಲೋ’, ಟ್ಯೂನ್ ‘ಫಿಲ್ಮ್’ ಇಟ್ಟು ಮಾಡಿದೆ. ಫೈಲ್ 190 ಎಂಬಿ ಆಯಿತು. ಮಗುವಿನ ಗಲ್ಲದ ಕೆಳಗೆ ಚೌಕ ಇಲ್ಲ, ಗ್ರೇನೂ ಇದೆ. ಅಂದರೆ ನನ್ನ ಲೆಕ್ಕ ಇಷ್ಟು: ನೋಡುವವರಿಂದ 90 ಎಂಬಿ ಜಾಸ್ತಿ ಕೇಳುತ್ತೇನೆ, ಅದರ ಬದಲು ಎಲ್ಲರ ಕೈಯಲ್ಲೂ ಓಡುತ್ತದೆ ಅನ್ನುವ ಭರವಸೆ ಕೊಡುತ್ತೇನೆ. ದಿನಕ್ಕೆ ಒಂದೂವರೆ ಜಿಬಿ ಡೇಟಾದಲ್ಲಿ ಬದುಕುವವರಿಗೆ 90 ಎಂಬಿ ಸಣ್ಣದಲ್ಲ, ಗೊತ್ತು. ಆದರೂ ಓಡದ ಫೈಲಿಗೆ 100 ಎಂಬಿ ಸುರಿಯೋದಕ್ಕಿಂತ ಇದು ವಾಸಿ. ಬೇಕಾದವರಿಗೆ 720ಪಿ ಪ್ರತಿ ಬೇರೆ ಮಾಡಿಟ್ಟಿದ್ದೇನೆ, 80 ಎಂಬಿ.

ನಾನು ಈಗ ಹಂಚುವ ಫೈಲ್ ಹೀಗಿರುತ್ತದೆ: ಎಚ್.264, ಹೈ ಪ್ರೊಫೈಲ್, ಲೆವೆಲ್ 4.1, ರೆಫರೆನ್ಸ್ ಫ್ರೇಮ್ 4, 8 ಬಿಟ್, 4:2:0 (ಬಣ್ಣದ ವಿವರ ಕಡಿಮೆ ಮಾಡಿ ಬರೆಯುವ ರೀತಿ). ರೆಫರೆನ್ಸ್ ಫ್ರೇಮ್ (ಹೋಲಿಕೆಗೆ ನೆನಪಿಟ್ಟುಕೊಳ್ಳುವ ಫ್ರೇಮ್) ಜಾಸ್ತಿ ಮಾಡಿದರೆ ಹಳೇ ಟಿವಿಗಳು ತಡವರಿಸುತ್ತವೆ. ‘ಫಾಸ್ಟ್‌ಸ್ಟಾರ್ಟ್’ ಆನ್ ಮಾಡಿರುತ್ತೇನೆ. ಆಗ ಫೈಲಿನ ಸೂಚಿ ಮುಂದಕ್ಕೆ ಬರುತ್ತದೆ, ಪೂರ್ತಿ ಇಳಿಯುವ ಮೊದಲೇ ಓಡೋಕೆ ಶುರು ಮಾಡಬಹುದು. ಕತ್ತಲ ವೇದಿಕೆಯ ಮೆಟ್ಟಿಲು ಪೂರ್ತಿ ಹೋಗಲಿಲ್ಲ. ಎಡಿಟ್ ಮಾಡುವಾಗಲೇ ಆ ಶಾಟಿಗೆ ಚೂರು ಗ್ರೇನ್ ಸೇರಿಸಿದೆ, ಕಣ್ಣಿಗೆ ಹೊಡೆಯೋದು ನಿಂತಿತು.

ಹಾಡಿನ ಫಾರ್ಮ್ಯಾಟ್ ಎಎಸಿ, 192 ಕಿಲೊಬಿಟ್. 96ಕ್ಕೆ ಇಳಿಸಿ ಕೇಳಿದೆ. ಗೆಜ್ಜೆ ಸದ್ದು ನೀರಿನೊಳಗಿಂದ ಬಂದ ಹಾಗಿತ್ತು. ಓಪಸ್ ಅನ್ನುವ ಇನ್ನೊಂದು ಆಡಿಯೊ ಫಾರ್ಮ್ಯಾಟ್ ಕಡಿಮೆ ಬಿಟ್‌ನಲ್ಲಿ ಇದಕ್ಕಿಂತ ಎಷ್ಟೋ ಚೆನ್ನಾಗಿದೆ, ಆದರೆ ಮಾವನ ಟಿವಿಯಲ್ಲಿ ಮೂಕ.

ಇಷ್ಟೆಲ್ಲ ಮಾಡಿ ಮೆಸೇಜ್ ಆ್ಯಪ್‌ನಲ್ಲಿ ಸುಮ್ನೆ ವಿಡಿಯೊ ಅಂತ ಕಳಿಸಿಬಿಟ್ಟರೆ ಮಾಡಿದ್ದೆಲ್ಲ ಹೋಯಿತು. ಆ್ಯಪ್ ಅದನ್ನು ಮತ್ತೆ ಕುಗ್ಗಿಸುತ್ತದೆ. ಡಾಕ್ಯುಮೆಂಟ್ ಅಂತ ಕಳಿಸಿ, ಆಗ ಇದ್ದ ಹಾಗೇ ಹೋಗುತ್ತದೆ. ವಾಟ್ಸ್‌ಆ್ಯಪ್, ಟೆಲಿಗ್ರಾಂ ಎರಡರಲ್ಲೂ 2 ಜಿಬಿವರೆಗೆ ಜಾಗ ಇದೆ. ಯೂಟ್ಯೂಬ್‌ಗಾದರೆ 190 ಎಂಬಿಯ ಫೈಲ್ ಬೇಡ. ಅದು ಹೇಗೂ ಮತ್ತೆ ಎನ್‌ಕೋಡ್ ಮಾಡುತ್ತದೆ, ಹಾಗಾಗಿ ಸಿಆರ್‌ಎಫ್ 14–15ರಲ್ಲಿ ದಪ್ಪನೆಯ ಎಚ್.264 ಕೊಡಿ.

ಮಾಸ್ಟರನ್ನು ಮಾತ್ರ ಅಳಿಸಬೇಡಿ. ಇದನ್ನು ನಾನು ಅನುಭವಿಸಿ ಹೇಳುತ್ತಿದ್ದೇನೆ. ಮೊಬೈಲ್ ಅಂಗಡಿಯಲ್ಲಿ ದುಡ್ಡು ಕೊಟ್ಟು ಮೆಮೊರಿ ಕಾರ್ಡಿಗೆ ಹಾಡು ತುಂಬಿಸಿಕೊಳ್ಳುತ್ತಿದ್ದ ಕಾಲದಲ್ಲಿ ನಾನು ಮಾಡಿದ ಮೊದಲ ವಿಡಿಯೊಗಳು 3ಜಿಪಿ ಅನ್ನುವ ಹಳೇ ಮೊಬೈಲ್ ಫಾರ್ಮ್ಯಾಟ್‌ನಲ್ಲಿವೆ. 176 ಬೈ 144 ಪಿಕ್ಸೆಲ್. ಬ್ಲೂಟೂತ್‌ನಲ್ಲಿ ಹೋಗಬೇಕಿತ್ತು, ಆವತ್ತಿಗೆ ಅದೇ ಸರಿ ಇತ್ತು. ಮಾಸ್ಟರ್ ಇಟ್ಟುಕೊಂಡಿರಲಿಲ್ಲ. ಈಗ ಅವು ಪರದೆಯಲ್ಲಿ ಅಂಚೆ ಚೀಟಿಯಷ್ಟು ಕಾಣುತ್ತವೆ. ಐದೂವರೆ ಜಿಬಿ ಇಡಲು ಜಾಗ ಇಲ್ಲದಿದ್ದರೆ ಎವಿ1ನಲ್ಲಿ 10 ಬಿಟ್ ಪ್ರತಿ ಇಟ್ಟುಕೊಳ್ಳಿ. ಸಿಆರ್‌ಎಫ್ 18ರ ಹತ್ತಿರ ಇರಲಿ, ಗ್ರೇನ್ ಚಿಮುಕಿಸುವುದು ಆಫ್ ಇರಲಿ. ಎವಿ1 ಅಲ್ಲಿ ಬಹಳ ಚೆನ್ನಾಗಿ ಕೂರುತ್ತದೆ.

ಇನ್ನು ಬಾವುಟ. ನಾಲ್ಕೂ ಫಾರ್ಮ್ಯಾಟ್‌ಗಳಲ್ಲಿ ಹಳದಿ ಕೆಂಪು ಸೇರುವ ಗೆರೆ ಕಲಸಿಹೋಗಿತ್ತು. ಹತ್ತಿರ ಹೋಗಿ ನೋಡಿದರೆ ಗೆರೆ ಇರಬೇಕಾದಲ್ಲಿ ಕಿತ್ತಳೆ ಬಣ್ಣದ ಮಸುಕು ಪಟ್ಟಿ. ಬಿಟ್‌ರೇಟ್ ಎಷ್ಟು ಏರಿಸಿದರೂ ಹೋಗಲಿಲ್ಲ. ಕಾರಣ 4:2:0. ಬೆಳಕು ಕತ್ತಲೆಯ ವಿವರ ಪೂರ್ತಿ 1920 ಬೈ 1080 ಇದ್ದರೂ, ಬಣ್ಣದ ವಿವರ 960 ಬೈ 540 ಅಷ್ಟೇ ಉಳಿಯುತ್ತದೆ. ಬಣ್ಣದ ವಿವರವನ್ನೂ ಪೂರ್ತಿ ಉಳಿಸುವ 4:4:4 ಮಾಡಿದರೆ ಗೆರೆ ಚೂಪಾಗುತ್ತದೆ, ಆದರೆ ಫೋನು ಟಿವಿಗಳಲ್ಲಿ ಓಡಲ್ಲ. ಬಾವುಟದ ಶಾಟಿಗೆ ನಾನು ಏನೂ ಮಾಡಲಾಗಲಿಲ್ಲ. ಹಳದಿ ಹಿನ್ನೆಲೆ ಮೇಲೆ ಕೆಂಪಲ್ಲಿ ಬರೆದ ‘ಅಪ್ಪು’ ಟೈಟಲ್ಲಿಗೆ ಮಾತ್ರ ದಾರಿ ಸಿಕ್ಕಿತು. ಅಕ್ಷರಗಳ ಸುತ್ತ ಎರಡು ಪಿಕ್ಸೆಲಿನ ಕಪ್ಪು ಅಂಚು ಹಾಕಿದೆ. ಕಪ್ಪು ಗೆರೆ ಬೆಳಕಿನ ವಿವರದ ಲೆಕ್ಕಕ್ಕೆ ಸೇರುವುದರಿಂದ ಅದು ಪೂರ್ತಿ ಚೂಪಾಗಿ ಉಳಿಯುತ್ತದೆ, ಬಣ್ಣದ ಕಲಸು ಅದರ ಹಿಂದೆ ಅಡಗುತ್ತದೆ. ಮಾವನ ಟಿವಿಯಲ್ಲಿ, ಹತ್ತಡಿ ದೂರದಿಂದ, ‘ಪ್ಪು’ವಿನ ಒತ್ತು ಕೂಡ ಬಿಡಿಬಿಡಿಯಾಗಿ ಕಾಣಿಸಿತು.