ಮೂಗಿನ ನೇರಕ್ಕೆ ಹನಿ ಹಾಕಿ ಕೆಟ್ಟೆ: ಡಿಫ್ಯೂಸರ್‌ಗೆ ಎಣ್ಣೆ ಬೆರೆಸೋ ಮುಂಚೆ ಇದನ್ನೊಮ್ಮೆ ಓದಿ

ಬೆಳಗಿನ ಜಾವ ಮೂರೂವರೆಗೆ ಕೆಮ್ಮಿ ಕೆಮ್ಮಿ ಎಚ್ಚರ ಆಯಿತು. ಗಂಟಲಿಗೆ ಯಾರೋ ಖಾರ ಸುರಿದ ಹಾಗೆ. ಕಣ್ಣಲ್ಲಿ ಉರಿ, ತಲೆ ಭಾರ. ಶೀತ ಜೋರಾಯಿತೇನೋ ಅಂದುಕೊಂಡು ದೀಪ ಹಾಕಿದೆ. ನಮ್ಮ ಬೆಕ್ಕು ಚುಕ್ಕಿ ಮೇಜಿನ ಕೆಳಗೆ ಮುದುರಿ ಕೂತಿದ್ದಳು. ಎದೆಯ ಮೇಲಿನ ಬಿಳಿ ಕೂದಲೆಲ್ಲ ಒದ್ದೆ. ನೀರು ಚೆಲ್ಲಿಕೊಂಡಿದ್ದಾಳೆ ಅಂತ ಒರೆಸೋಕೆ ಹೋದರೆ ಅದು ನೀರಲ್ಲ, ಜೊಲ್ಲು. ಕೆಳತುಟಿಯಿಂದ ನೂಲಿನ ಎಳೆ ಹಾಗೆ ಇಳಿಯುತ್ತಲೇ ಇತ್ತು. ಹೆಸರು ಹಿಡಿದು ಕರೆದೆ. ಎದ್ದು ಎರಡು ಹೆಜ್ಜೆ ಇಟ್ಟಳು, ಹಿಂಗಾಲು ಒಂದು ಪಕ್ಕಕ್ಕೆ ಜಾರಿತು, ಹಾಗೇ ಕೂತುಬಿಟ್ಟಳು.

ಮೇಜಿನ ಮೇಲೆ ಡಿಫ್ಯೂಸರ್, ಅಂದರೆ ನೀರಿಗೆ ಹಾಕಿದ ಸುಗಂಧದ ಎಣ್ಣೆಯನ್ನು ಕೋಣೆಗೆಲ್ಲ ಹರಡೋ ಯಂತ್ರ, ಸಣ್ಣಗೆ ಮಂಜು ಉಗುಳುತ್ತ ತನ್ನ ಪಾಡಿಗೆ ಕೆಲಸ ಮಾಡುತ್ತಿತ್ತು.

ಅದನ್ನು ತುಂಬಿಸಿದವಳು ನಾನೇ. ಒಳಗಿದ್ದ ಮಿಶ್ರಣವೂ ನನ್ನದೇ ಕೈಚಳಕ. ಹೇಳಿಕೊಳ್ಳೋಕೆ ನಾಚಿಕೆ ಆಗುತ್ತದೆ, ಆದರೆ ನನ್ನ ಹಾಗೇ ರಾತ್ರಿ ಹೊತ್ತು ಬಾಟಲಿಗಳನ್ನು ಸಾಲಾಗಿ ಇಟ್ಟುಕೊಂಡು "ಇದಕ್ಕೆ ಇನ್ನೆರಡು ಹನಿ, ಅದಕ್ಕೆ ಒಂದು" ಅಂತ ಆಟ ಆಡುವವರು ತುಂಬಾ ಜನ ಇದ್ದೀರಿ ಅಂತ ಗೊತ್ತು. ನಿಮಗೋಸ್ಕರ ಬರೆಯುತ್ತಿದ್ದೇನೆ.

ಎಂಟು ತಿಂಗಳಿಂದ ಈ ಹುಚ್ಚು ನನಗೆ. ಅದಕ್ಕೆ ಮುಂಚೆ ಎರಡು ವರ್ಷ ಸುಮ್ನೆ ಒಂದೊಂದೇ ಎಣ್ಣೆ ಹಾಕಿ ಇಡುತ್ತಿದ್ದೆ. ಬೆರೆಸೋಕೆ ಶುರು ಮಾಡಿದ ಮೇಲೆ ಸಾಧಾರಣವಾಗಿ ಎರಡೇ ಎರಡು, ಲ್ಯಾವೆಂಡರ್ ಮತ್ತು ಕಿತ್ತಳೆ. ಒಂದೊಂದೂ ಐದೈದು ಹನಿ. ಇಲ್ಲೇ ತಪ್ಪು ಇತ್ತು, ಆದರೆ ಏನೂ ಆಗಿರಲಿಲ್ಲವಲ್ಲ, ಹಾಗಾಗಿ ಅದು ತಪ್ಪು ಅಂತ ತಿಳಿಯಲಿಲ್ಲ. 100 ಮಿಲಿ ನೀರಿಗೆ 3ರಿಂದ 5 ಹನಿ ಅಂತ ಎಲ್ಲ ಕಡೆ ಹೇಳುತ್ತಾರಲ್ಲ, ಅದು ಒಟ್ಟು ಲೆಕ್ಕ. ಎಲ್ಲ ಎಣ್ಣೆ ಸೇರಿ. ನಾನು ಅರ್ಥ ಮಾಡಿಕೊಂಡಿದ್ದು ತಲಾ ಐದು ಅಂತ. ಎರಡು ಎಣ್ಣೆ ಇದ್ದಾಗ ಹತ್ತಾಗುತ್ತಿತ್ತು, ಹೇಗೋ ನಡೆದುಹೋಗುತ್ತಿತ್ತು. ಆವತ್ತು ಐದು ಎಣ್ಣೆ ಇತ್ತು.

ಶೀತ ಆಗಿತ್ತು, ಮೂಗು ಕಟ್ಟಿತ್ತು. ಮೂಗು ಬಿಡಿಸೋ ಮಿಶ್ರಣ ಒಂದನ್ನು ಮಾಡೋಣ ಅಂತ ನೀಲಗಿರಿ, ಪೆಪ್ಪರ್‌ಮಿಂಟ್, ಲವಂಗ, ದಾಲ್ಚಿನ್ನಿ ತೊಗಟೆ, ನಿಂಬೆ ಐದನ್ನೂ ಇಳಿಸಿದೆ. ತಲಾ ಐದರಂತೆ ಇಪ್ಪತ್ತೈದು ಹನಿ. ಕಿಟಕಿ ಮುಚ್ಚಿದೆ, ಬಾಗಿಲೂ ಹಾಕಿದೆ, "ಘಮ ಹೊರಗೆ ಹೋಗಬಾರದು" ಅಂತ. ಹತ್ತು ನಿಮಿಷ ಕಾದೆ. ಏನೂ ವಾಸನೆ ಇಲ್ಲ. ಕಟ್ಟಿದ ಮೂಗಿಗೆ ಎಲ್ಲಿಂದ ಬರಬೇಕು! ಅಷ್ಟರಲ್ಲಿ ನಮ್ಮ ಮನೆಯವರು ಬಾಗಿಲು ತೆಗೆದು ತಲೆ ಒಳಗೆ ಹಾಕಿ, "ಏನೇ ಇದು, ಕಣ್ಣು ಉರಿಯುತ್ತಿದೆ" ಅಂದರು. ನನಗೇನೂ ಗೊತ್ತಾಗ್ತಾನೇ ಇಲ್ಲ ಅಂದೆ. ಅವರು ಹೊರಗೆ ಹೋಗಿ ಮಲಗಿದರು. ನಾನು ಮುಚ್ಚಳ ತೆಗೆದು ಇನ್ನೂ ಆರು ಹನಿ ಹಾಕಿದೆ.

ಒಟ್ಟು 31. ಅರ್ಧ ನಿಮಿಷ ಆನ್, ಅರ್ಧ ನಿಮಿಷ ಆಫ್ ಆಗೋ ಮೋಡ್‌ಗೆ ಹಾಕಿ, ರಾತ್ರಿಯಿಡೀ ಬರಲಿ ಅಂತ ಮಲಗಿದೆ.

ಇಡೀ ಕಥೆಯಲ್ಲಿ ನನ್ನನ್ನು ಕೆಡಿಸಿದ್ದು ಆ ಆರು ಹನಿ. ಸಂಖ್ಯೆ ದೊಡ್ಡದು ಅಂತಲ್ಲ. ಮೂಗನ್ನು ಅಳತೆಗೋಲು ಮಾಡಿಕೊಂಡೆನಲ್ಲ, ಅದಕ್ಕೆ. ಶೀತ ಇಲ್ಲದಿದ್ದರೂ ಇದು ಆಗುತ್ತದೆ. ಒಂದೇ ವಾಸನೆ ಬಿಡದೆ ಬರುತ್ತಿದ್ದರೆ ಕೆಲವೇ ನಿಮಿಷದಲ್ಲಿ ಮೂಗು ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳೋದನ್ನೇ ಬಿಡುತ್ತದೆ. ನಮ್ಮ ನಮ್ಮ ಮನೆಯ ವಾಸನೆ ನಮಗೆ ಗೊತ್ತೇ ಆಗಲ್ಲ, ಬಂದ ನೆಂಟರಿಗೆ ಬಾಗಿಲಲ್ಲೇ ಗೊತ್ತಾಗುತ್ತದೆ ಅಲ್ವಾ, ಹಾಗೆ. ಗಾಳಿಯಲ್ಲಿ ಎಣ್ಣೆ ಏರುತ್ತಲೇ ಇರುತ್ತದೆ, ನಮಗೆ ಮಾತ್ರ ಕಡಿಮೆ ಆಯಿತು ಅನಿಸುತ್ತದೆ, ಇನ್ನೆರಡು ಹನಿ ಹಾಕುತ್ತೇವೆ. ಮೂಗು ಸುಮ್ಮನಾದರೂ ಶ್ವಾಸಕೋಶ ಸುಮ್ಮನಿರಲ್ಲ.

31 ಹನಿ ಅಂದರೆ ಸುಮಾರು ಒಂದೂವರೆ ಮಿಲಿ. ಏನು ಮಹಾ ಅನಿಸಬಹುದು. ಆದರೆ ಇದು ತಲೆಗೆ ಹಚ್ಚೋ ಎಣ್ಣೆ ಅಲ್ಲ, ರಾಶಿ ಎಲೆ, ತೊಗಟೆ, ಮೊಗ್ಗನ್ನು ಹಬೆಯಲ್ಲಿ ಬಟ್ಟಿ ಇಳಿಸಿ ತೆಗೆದ ಸಾರ. ಹನಿ ಲೆಕ್ಕವೂ ಪೂರ್ತಿ ನಂಬೋ ಹಾಗಿಲ್ಲ. ನಿಂಬೆ ಎಣ್ಣೆ ನೀರಿನ ಹಾಗೆ ತೆಳು, ಬಾಟಲಿ ಬಗ್ಗಿಸಿದರೆ ಟಪಟಪ ಅಂತ ಮೂರು ಹನಿ ಒಟ್ಟಿಗೇ ಬೀಳುತ್ತದೆ. ಲಾವಂಚ, ಪಚೋಲಿ ಥರದ್ದು ಮಂದ, ಬಾಯಿಗೆ ಬಂದು ನೇತಾಡಿಕೊಂಡು ಯೋಚನೆ ಮಾಡಿ ಬೀಳುತ್ತದೆ, ಆ ಒಂದು ಹನಿ ನಿಂಬೆಯದ್ದಕ್ಕಿಂತ ದಪ್ಪ. ಆ ರಾತ್ರಿ ನಿಂಬೆ ಐದೇ ಬಿತ್ತು ಅಂತ ನಾನು ಈಗಲೂ ಪ್ರಮಾಣ ಮಾಡಲಾರೆ.

ಬೆಕ್ಕಿನ ವಿಷಯಕ್ಕೆ ಬರುತ್ತೇನೆ. ಪ್ರಾಣಿಗಳ ಡಾಕ್ಟರ್‌ಗೆ ಫೋನ್ ಮಾಡಿದೆ. ಮೊದಲು ಆ ಕೋಣೆಯಿಂದ ಹೊರಗೆ ತನ್ನಿ, ಗಾಳಿ ಇರೋ ಕಡೆ ಇಡಿ ಅಂದರು. ವಾಂತಿ ಮಾಡಿಸಲಾ ಅಂತ ಕೇಳಿದೆ. "ಬೇಡವೇ ಬೇಡ, ಎಣ್ಣೆ ಶ್ವಾಸಕೋಶಕ್ಕೆ ಹೋದರೆ ಇನ್ನೂ ಕಷ್ಟ" ಅಂದರು. ಬರುವಾಗ ಎಲ್ಲ ಬಾಟಲಿಗಳನ್ನೂ ತನ್ನಿ ಅಂದರು. ಇದನ್ನು ನೆನಪಿಟ್ಟುಕೊಳ್ಳಿ. ಗಾಬರಿಯಲ್ಲಿ ಯಾವ ಎಣ್ಣೆ ಹಾಕಿದ್ದೆ ಅಂತ ನನಗೇ ಸರಿಯಾಗಿ ಹೇಳೋಕೆ ಬರಲಿಲ್ಲ, ಬಾಟಲಿ ಇದ್ದದ್ದಕ್ಕೆ ಬಚಾವ್.

ಅಲ್ಲಿ ಅವಳ ಮೈಯನ್ನು ಪಾತ್ರೆ ತೊಳೆಯೋ ಮೆತ್ತನೆ ಸೋಪಿನ ನೀರಲ್ಲಿ ತೊಳೆದರು. ಡ್ರಿಪ್ ಹಾಕಿದರು, ಲಿವರ್ ನೋಡೋಕೆ ರಕ್ತ ತೆಗೆದುಕೊಂಡರು. ಬೆಕ್ಕು ಬರೀ ಉಸಿರಾಡಿದ್ದಕ್ಕೆ ಮೈ ಯಾಕೆ ತೊಳೀಬೇಕು ಅಂತ ಕೇಳಿದೆ. ಆಗ ಹೇಳಿದ್ದು ನನಗೆ ಎಂಟು ತಿಂಗಳಲ್ಲಿ ಒಮ್ಮೆಯೂ ಹೊಳೆದಿರಲಿಲ್ಲ. ನಮ್ಮದು ಅಲ್ಟ್ರಾಸಾನಿಕ್ ಡಿಫ್ಯೂಸರ್. ತಳದಲ್ಲಿ ಒಂದು ಪುಟ್ಟ ಬಿಲ್ಲೆ ಸೆಕೆಂಡಿಗೆ ಹತ್ತು ಲಕ್ಷಕ್ಕೂ ಜಾಸ್ತಿ ಸಲ ನಡುಗಿ ನೀರನ್ನು ಮಂಜಾಗಿ ಒಡೆಯುತ್ತದೆ. ಅದು ಹಬೆ ಅಲ್ಲ, ಸಣ್ಣ ಸಣ್ಣ ಹನಿ. ಎಣ್ಣೆ ನೀರಲ್ಲಿ ಕರಗಲ್ಲ, ಆ ಹನಿಗಳ ಜೊತೆ ಹೋಗುತ್ತದೆ. ಹೋಗಿ ಕೆಳಗೆ ಕೂರುತ್ತದೆ. ಚುಕ್ಕಿ ಮಲಗೋ ಜಾಗ ಆ ಮೇಜಿನ ಕೆಳಗೇ. ರಾತ್ರಿಯಿಡೀ ಕೂದಲ ಮೇಲೆ ಎಣ್ಣೆ ಕೂತಿದೆ, ಬೆಕ್ಕು ತಾನೇ, ನೆಕ್ಕಿ ನೆಕ್ಕಿ ಶುದ್ಧ ಮಾಡಿಕೊಂಡಿದೆ. ಅಂದರೆ ಕುಡಿದಿದೆ.

ಇದರ ಮೇಲೆ ಬೆಕ್ಕಿನ ಲಿವರ್ ನಮ್ಮ ಹಾಗಲ್ಲ. ಲವಂಗದ ಯೂಜಿನಾಲ್ ಥರದ, ಫೀನಾಲ್ ಅನ್ನೋ ಗುಂಪಿನ ರಾಸಾಯನಿಕಗಳನ್ನು ಒಡೆದು ಹೊರಗೆ ಹಾಕೋಕೆ ಬೇಕಾದ ಕಿಣ್ವ ಅದರಲ್ಲಿ ತೀರಾ ಕಡಿಮೆ. ನಮಗೆ ತಲೆನೋವು ಬಂದು ಹೋಗೋ ಅಷ್ಟು ಅದಕ್ಕೆ ವಿಷ. ಟೀ ಟ್ರೀ ಎಣ್ಣೆ ಬೆಕ್ಕು ನಾಯಿ ಎರಡಕ್ಕೂ ಆಗಲ್ಲ. ಹಕ್ಕಿ ಸಾಕಿದವರಂತೂ ಡಿಫ್ಯೂಸರ್ ಆಸೆಯನ್ನೇ ಬಿಡಿ, ಅವುಗಳ ಉಸಿರಾಟ ಅಷ್ಟು ಸೂಕ್ಷ್ಮ. ಜೊಲ್ಲು, ತೂರಾಡೋದು, ನಡುಕ, ವಾಂತಿ, ಮಂಕು, ಇದರಲ್ಲಿ ಯಾವುದು ಕಂಡರೂ ಬೆಳಗಾಗಲಿ ಅಂತ ಕಾಯಬೇಡಿ. ಚುಕ್ಕಿ ಎರಡು ದಿನ ಅಲ್ಲೇ ಇದ್ದಳು. ಮೂರನೇ ದಿನ ಮನೆಗೆ ಬಂದು ನೇರ ಮೇಜಿನ ಹತ್ತಿರ ಹೋಗಿ ಮೂಸಿ ವಾಪಸ್ ಬಂದಳು.

ನನ್ನದು ಎರಡು ವಾರ ಎಳೆಯಿತು. ಶ್ವಾಸನಾಳ ಕೆರಳಿದೆ ಅಂತ ಇನ್ಹೇಲರ್ ಕೊಟ್ಟರು. ಲವಂಗ, ದಾಲ್ಚಿನ್ನಿ ತೊಗಟೆ ಎರಡೂ ಮೂಗು, ಗಂಟಲಿನ ಒಳಪದರವನ್ನು ಉರಿಸೋ ಎಣ್ಣೆಗಳು. ಬಳಸಿದರೂ ಇಡೀ ಬಟ್ಟಲಿಗೆ ಒಂದು ಹನಿ ಮೀರಬಾರದು. ನಾನು ಹತ್ತು ಹಾಕಿದ್ದೆ. ನನ್ನನ್ನು ನೋಡಿದ ಡಾಕ್ಟರ್ ಮೊದಲು ಕೇಳಿದ್ದೇ ಮನೆಯಲ್ಲಿ ಚಿಕ್ಕ ಮಕ್ಕಳಿದ್ದಾರಾ ಅಂತ. ಇಲ್ಲ ಅಂದ ಮೇಲೆ ಉಸಿರು ಬಿಟ್ಟರು. ಪೆಪ್ಪರ್‌ಮಿಂಟ್‌ನ ಮೆಂಥಾಲ್, ನೀಲಗಿರಿಯ ಸಿನಿಯೋಲ್ ಕೂಸುಗಳ ಮುಖದ ಹತ್ತಿರ ಬಂದರೆ ಉಸಿರೇ ನಿಧಾನ ಆಗಬಹುದಂತೆ. ನಮಗೆ ಮೂಗು ಬಿಡಿಸಿದ ಹಾಗೆ ಅನಿಸೋದು ಮಗುವಿಗೆ ಉಸಿರು ಕಟ್ಟಿಸಬಹುದು. ಇನ್ನು ಬಾಟಲಿ ಮಕ್ಕಳ ಕೈಗೆ ಸಿಗೋ ಹಾಗೆ ಇಡೋದಂತೂ ಬೇಡವೇ ಬೇಡ. ಸ್ವಲ್ಪವೇ ನೀಲಗಿರಿ ಎಣ್ಣೆ ನುಂಗಿದರೂ ಮಗುವಿಗೆ ಫಿಟ್ಸ್ ಬರಬಹುದು. ಆಸ್ತಮಾ ಇರೋರ ಮನೆಯಲ್ಲೂ ಈ ಆಟ ಬೇಡ.

ಎರಡು ದಿನ ಆದ ಮೇಲೆ ಬೆರಳ ಸಂದಿಯಲ್ಲಿ ಕೆಂಪು ಗುಳ್ಳೆ ಎದ್ದಿತು, ತುರಿಕೆ ಬೇರೆ. ಎಣ್ಣೆ ಚೆಲ್ಲಿದ ಜಾಗದಲ್ಲೇ. ದಾಲ್ಚಿನ್ನಿಯೋ ನಿಂಬೆಯೋ ಗೊತ್ತಿಲ್ಲ, ಇಬ್ಬರೂ ಗುಮಾನಿಯಲ್ಲಿದ್ದಾರೆ. ಆ ನಿಂಬೆ ಬಾಟಲಿ ತೆರೆದು ಎರಡು ವರ್ಷ ದಾಟಿತ್ತು. ಮೂಗು ಸರಿ ಹೋದ ಮೇಲೆ ಮೂಸಿದರೆ ನಿಂಬೆ ಎಲ್ಲಿದೆ, ಪೇಂಟ್ ತೆಳು ಮಾಡೋ ಟರ್ಪೆಂಟೈನ್ ವಾಸನೆ! ನಿಂಬೆ, ಕಿತ್ತಳೆ ಜಾತಿಯ ಎಣ್ಣೆಗಳಲ್ಲಿ ಇರೋದು ಹೆಚ್ಚಾಗಿ ಲಿಮೊನೀನ್ ಅನ್ನೋ ರಾಸಾಯನಿಕ. ಗಾಳಿ ತಾಗುತ್ತ ತಾಗುತ್ತ ಅದು ಚರ್ಮಕ್ಕೆ ಅಲರ್ಜಿ ಮಾಡೋ ವಸ್ತುಗಳಾಗಿ ಬದಲಾಗುತ್ತದೆ. ತೆರೆದ ದಿನಾಂಕವನ್ನು ಬಾಟಲಿ ಮೇಲೆ ಬರೆಯಿರಿ. ಈ ಜಾತಿಯವನ್ನು ಫ್ರಿಜ್‌ನಲ್ಲಿ, ಕಂದು ಬಾಟಲಿಯಲ್ಲಿ ಬಿಗಿಯಾಗಿ ಮುಚ್ಚಿಡಿ, ವರ್ಷ ಆಯಿತು ಅಂದರೆ ಎಸೆಯಿರಿ. ಜೀವ ಒಪ್ಪಲ್ಲ, ನನಗೂ ಒಪ್ಪಿರಲಿಲ್ಲ.

ಲಿಮೊನೀನ್ ಪ್ಲಾಸ್ಟಿಕ್‌ಗೂ ಶತ್ರು. ಡಿಫ್ಯೂಸರ್ ತೊಳೆಯೋಕೆ ತೆಗೆದಾಗ ಮುಚ್ಚಳದ ಒಳಗೆಲ್ಲ ಮಂಜು ಕವಿದ ಹಾಗೆ ಮಸುಕು, ಹಿಡಿದರೆ ಅಂಟು, ನನ್ನ ಹೆಬ್ಬೆರಳ ಗೆರೆ ಅಚ್ಚಾಗಿ ಮೂಡಿತು. ಕೆಳಗಿದ್ದ ಮರದ ಮೇಜಿನ ಮೇಲೆ ಒಂದು ತಟ್ಟೆಯಷ್ಟು ಅಗಲ ವಾರ್ನಿಷ್ ಬಿಳುಚಿತ್ತು. ಹಳೇ ಮಿಶ್ರಣಗಳನ್ನು ರಬ್ಬರ್ ಬುರುಡೆ ಇರೋ ಡ್ರಾಪರ್ ಬಾಟಲಿಯಲ್ಲಿ ಹಾಕಿಟ್ಟಿದ್ದೆ, ಆ ರಬ್ಬರ್ ಎಲ್ಲ ಉಬ್ಬಿ ಕರಗಿ ಎಣ್ಣೆಯೊಳಗೆ ಕಪ್ಪು ಕಸ ಉದುರಿತ್ತು. ಅದನ್ನೂ ಉಸಿರಾಡಿರಬೇಕು, ಯಾರಿಗೆ ಗೊತ್ತು.

ಲೇಬಲ್ ಬಗ್ಗೆ ಒಂದು ಮಾತು. "ಥೆರಪ್ಯೂಟಿಕ್ ಗ್ರೇಡ್" ಅಂತ ನನ್ನ ನಾಲ್ಕು ಬಾಟಲಿ ಮೇಲೆ ಬರೆದಿತ್ತು. ಆ ದರ್ಜೆಯನ್ನು ಕೊಡೋ ಯಾವ ಸರಕಾರಿ ಸಂಸ್ಥೆಯೂ ಇಲ್ಲ, ಮಾರುವವರು ತಾವೇ ಹಾಕಿಕೊಳ್ಳೋ ಬಿರುದು ಅದು. ನೋಡಬೇಕಾದ್ದು ಗಿಡದ ಶಾಸ್ತ್ರೀಯ ಹೆಸರು. ಲವಾಂಡುಲಾ ಅಂಗಸ್ಟಿಫೋಲಿಯಾ ಅಂದರೆ ಮೆತ್ತನೆ ಲ್ಯಾವೆಂಡರ್, ಲವಾಂಡುಲಾ ಲ್ಯಾಟಿಫೋಲಿಯಾ ಅಂದರೆ ಕರ್ಪೂರದ ಘಾಟು ಇರೋದು. ಎರಡರ ಮೇಲೂ ದೊಡ್ಡದಾಗಿ ಲ್ಯಾವೆಂಡರ್ ಅಂತಲೇ ಇರುತ್ತದೆ. ಇನ್ನು "ನ್ಯಾಚುರಲ್, ಗಿಡದ್ದು, ಏನಾಗುತ್ತೆ ಬಿಡಿ" ಅನ್ನೋರಿಗೆ ನಾನು ಏನೂ ಹೇಳಲ್ಲ, ಉಮ್ಮತ್ತಿಯೂ ಗಿಡವೇ.

ಈಗ ನಮ್ಮ ಮನೆಯಲ್ಲಿ ಡಿಫ್ಯೂಸರ್ ಹಾಕೋದಿಲ್ಲ. ಬೆಕ್ಕಿರೋ ಮನೆಗೆ ಅದು ಬೇಡ ಅಂತ ಡಾಕ್ಟರ್ ಖಡಾಖಂಡಿತವಾಗಿ ಹೇಳಿದರು, ನಾನು ಚೌಕಾಸಿ ಮಾಡಲಿಲ್ಲ. ಆದರೆ ಬೆರೆಸೋ ಚಟ ಹೋಗಿಲ್ಲ. ಚುಕ್ಕಿ ಬರದ ಕೋಣೆಯಲ್ಲಿ, ಕಿಟಕಿ ತೆಗೆದು, ಕಾಗದದ ಪಟ್ಟಿಗಳ ಮೇಲೆ ಮಾಡುತ್ತೇನೆ. ಒಂದೊಂದು ಪಟ್ಟಿಗೆ ಒಂದೊಂದು ಹನಿ, ಎರಡು ಮೂರು ಪಟ್ಟಿಗಳನ್ನು ಬೀಸಣಿಗೆ ಹಾಗೆ ಸೇರಿಸಿ ಹಿಡಿದು ಮೂಸೋದು, ಹೊರಗೆ ಹೋಗಿ ಬರೋದು, ಮತ್ತೆ ಮೂಸೋದು. ಅರ್ಧ ಗಂಟೆ ಬಿಟ್ಟು ಇನ್ನೊಮ್ಮೆ, ಯಾಕಂದರೆ ನಿಂಬೆ ಕಿತ್ತಳೆ ಮೊದಲು ಹಾರಿಹೋಗುತ್ತವೆ, ಲಾವಂಚದಂಥವು ಕೊನೆಗೆ ಉಳಿಯುತ್ತವೆ. ಬಾಟಲಿಯಿಂದ ನೇರ ಬಟ್ಟಲಿಗೆ ಹಾಕಿ "ನೋಡೋಣ" ಅನ್ನೋದು ಬಿಟ್ಟಿದ್ದೇನೆ. ಎಷ್ಟು ಹನಿ ಅಂತ ಪುಸ್ತಕದಲ್ಲಿ ಬರೆದಿಡುತ್ತೇನೆ. ಪಟ್ಟಿಗಳನ್ನು ಆಮೇಲೆ ಹೊರಗಿನ ಕಸಕ್ಕೆ.

ಮಿಶ್ರಣ ಹೋಗೋದು ತಂಗಿ ಮನೆಗೆ. ಅಲ್ಲಿ ಬೆಕ್ಕಿಲ್ಲ, ಕೂಸಿಲ್ಲ, ಆಸ್ತಮಾ ಯಾರಿಗೂ ಇಲ್ಲ. ಲ್ಯಾವೆಂಡರ್ ಎರಡು, ಕಿತ್ತಳೆ ಒಂದು, ಅಷ್ಟೇ, ಒಟ್ಟು ಮೂರು ಹನಿ. ಕಿಟಕಿ ಒಂದು ಬೆರಳಷ್ಟು ತೆಗೆದಿರಬೇಕು, ಅರ್ಧ ಗಂಟೆಗೆ ಆಫ್, ಮಲಗೋವಾಗ ಇಲ್ಲವೇ ಇಲ್ಲ ಅಂತ ಚೀಟಿ ಅಂಟಿಸಿ ಕೊಟ್ಟಿದ್ದೇನೆ. ಮೊನ್ನೆ ಸಂಜೆ ಫೋನ್ ಮಾಡಿದಳು.

"ಅಕ್ಕಾ, ವಾಸನೇನೇ ಬರ್ತಿಲ್ಲ. ಇನ್ನೆರಡು ಹಾಕಲಾ?"

"ಹಾಕಬೇಡ. ಹೊರಗೆ ಹೋಗಿ ಐದು ನಿಮಿಷ ನಿಂತು ವಾಪಸ್ ಬಾ."

ಫೋನ್ ಕೈಯಲ್ಲೇ ಹಿಡಿದುಕೊಂಡು ಹೋದಳು. ಪಕ್ಕದ ಮನೆಯವರ ಜೊತೆ ಮಾತಾಡಿದ್ದು, ಚಪ್ಪಲಿ ಬಿಟ್ಟಿದ್ದು, ಬಾಗಿಲು ತೆಗೆದಿದ್ದು ಎಲ್ಲ ಕೇಳಿಸಿತು. ಆಮೇಲೆ ಒಂದು ಸಣ್ಣ ನಗು.

"ಬರ್ತಿದೆ ಕಣೇ. ಜಾಸ್ತೀನೇ ಆಯ್ತು ಅನ್ಸುತ್ತೆ."