ಚಿಕಿತ್ಸೆಗೆ ಪೂರ್ತಿ ಅಂಕ, ಡಿಸ್ಚಾರ್ಜ್ ಸಮ್ಮರಿಗೆ ಇಲ್ಲ

ಕಾಫಿ ಕೊಯ್ಲಿನ ಸಮಯದಲ್ಲಿ ನಮ್ಮ ತೋಟದ ಕೆಲಸದ ಹೆಂಗಸೊಬ್ಬರಿಗೆ ಹಾವು ಕಚ್ಚಿದಾಗ ಕೊಡಗಿನ ಒಂದು ಖಾಸಗಿ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಕರೆದೊಯ್ದಿದ್ದೆವು. ಅಲ್ಲಿನ ವೈದ್ಯರು ಮತ್ತು ದಾದಿಯರ ಬಗ್ಗೆ ನನಗೆ ಎಳ್ಳಷ್ಟೂ ದೂರಿಲ್ಲ. ಅವರು ಜೀವ ಉಳಿಸಿದ್ದಾರೆ. ಈ ವಿಮರ್ಶೆ ಮನೆಗೆ ಕಳುಹಿಸುವಾಗ ಕೈಗೆ ಕೊಟ್ಟ ಡಿಸ್ಚಾರ್ಜ್ ಸಮ್ಮರಿಯ ಕುರಿತು.

ಹೆಸರು, ವಯಸ್ಸು, ರಕ್ತಪರೀಕ್ಷೆಯ ಫಲಿತಾಂಶಗಳು ಅಚ್ಚುಕಟ್ಟಾಗಿ ಮುದ್ರಣವಾಗಿವೆ. ತುರ್ತು ವಿಭಾಗದಲ್ಲಿ ಏನೇನು ಮಾಡಿದರು ಎಂಬ ಮುಖ್ಯ ಭಾಗ ಮಾತ್ರ ಕೈಬರಹದ ನಾಲ್ಕು ಸಾಲು. ವಿಷನಿರೋಧಕದ ಸಣ್ಣ ಸೀಸೆಗಳ, ಅಂದರೆ ವಯಲ್‌ಗಳ ಸಂಖ್ಯೆ 10 ಎಂದೂ ಓದಬಹುದು, 16 ಎಂದೂ ಓದಬಹುದು. ರಕ್ತ ಹೆಪ್ಪುಗಟ್ಟುವುದನ್ನು ನೋಡುವ 20 ನಿಮಿಷಗಳ ಪರೀಕ್ಷೆಯನ್ನು ಯಾವಾಗ ಮಾಡಿದರೆಂಬ ವೇಳೆಯೇ ಇಲ್ಲ. ಹಾವಿನ ಫೋಟೋವನ್ನು ನಾವು ಮೊಬೈಲಿನಲ್ಲಿ ತೋರಿಸಿದ್ದರೂ ಪತ್ರದಲ್ಲಿ ‘ಗೊತ್ತಿಲ್ಲದ ಕಡಿತ’ ಎಂದಿದೆ.

ಇದು ಸಣ್ಣ ಲೋಪವಲ್ಲ. ನಮ್ಮಲ್ಲಿ ಬಳಸುವ ವಿಷನಿರೋಧಕವು ನಾಗರಹಾವು, ಕಟ್ಟುಹಾವು, ಕೊಳಕುಮಂಡಲ ಮತ್ತು ಗರಗಸಮಂಡಲಗಳ ವಿಷಕ್ಕೆ ತಯಾರಾದದ್ದು. ಪಶ್ಚಿಮ ಘಟ್ಟದ ಕಾಫಿ ತೋಟಗಳಲ್ಲಿ ಕಾಣಸಿಗುವ, ಮೂತ್ರಪಿಂಡಕ್ಕೆ ಹಾನಿ ಮಾಡಬಲ್ಲ ಉಬ್ಬುಮೂಗಿನ ಗುಳಿಮಂಡಲ ಅದರ ವ್ಯಾಪ್ತಿಯಲ್ಲಿಲ್ಲ. ಹಾಗೆಯೇ, ವಿಷನಿರೋಧಕ ಪಡೆದವರಲ್ಲಿ ಕೆಲವರಿಗೆ ಒಂದೆರಡು ವಾರಗಳೊಳಗೆ ಜ್ವರ, ಕೀಲುನೋವು, ಮೈಮೇಲೆ ದದ್ದು ಬರುವುದುಂಟು. ಆಗ ಊರಿನ ವೈದ್ಯರ ಎದುರು ಇರುವುದು ಈ ಒಂದು ಹಾಳೆ ಮಾತ್ರ. ಮೈಸೂರಿಗೋ ಮಂಗಳೂರಿಗೋ ಕಳುಹಿಸಬೇಕಾದರೂ ಅದನ್ನೇ ನಂಬಬೇಕು.

ಮೂತ್ರ ಕಡಿಮೆಯಾದರೆ, ವಸಡಿನಲ್ಲಿ ರಕ್ತ ಬಂದರೆ ತಕ್ಷಣ ಬನ್ನಿ ಎಂಬ ಸೂಚನೆ ಕನ್ನಡದಲ್ಲಿಲ್ಲ, ಇಂಗ್ಲಿಷಿನಲ್ಲೂ ಇಲ್ಲ. ಔಷಧಿಯ ಹೆಸರನ್ನು ಸ್ಪಷ್ಟವಾಗಿ, ಸಾಧ್ಯವಾದರೆ ದೊಡ್ಡಕ್ಷರಗಳಲ್ಲಿ ಬರೆಯಬೇಕೆಂದು ವೈದ್ಯರ ವೃತ್ತಿನಿಯಮಕ್ಕೆ 2016ರಲ್ಲೇ ತಿದ್ದುಪಡಿಯಾಗಿದೆ. ಇಲ್ಲಿ ಮೂರು ಮಾತ್ರೆಗಳ ಪೈಕಿ ಒಂದರ ಹೆಸರನ್ನು ಔಷಧಿ ಅಂಗಡಿಯವರೇ ಫೋನ್ ಮಾಡಿ ಕೇಳಬೇಕಾಯಿತು.

ದಾಖಲೆ ಕೇಳಿದರೆ 72 ಗಂಟೆಗಳೊಳಗೆ ಕೊಡಬೇಕೆಂಬ ನಿಯಮವಿದೆ. ಆಸ್ಪತ್ರೆ ತನ್ನಲ್ಲೇ ಇಟ್ಟುಕೊಳ್ಳುವ ಚಿಕಿತ್ಸೆಯ ದಾಖಲೆಯಾದ ಕೇಸ್ ಶೀಟಿನ ಪ್ರತಿಯನ್ನು ಅವರು ಅದಕ್ಕಿಂತ ಬೇಗ, ಗೊಣಗದೆ ಕೊಟ್ಟರು. ಅದರಲ್ಲಿ ದಾದಿಯರ ಚಾರ್ಟ್ ನೋಡಿ ನನಗೆ ಆಶ್ಚರ್ಯವಾಯಿತು: ಹತ್ತು ವಯಲ್, ಆರಂಭಿಸಿದ ವೇಳೆ, ಮುಗಿದ ವೇಳೆ, ಪ್ರತಿ ಪರೀಕ್ಷೆಯ ಫಲಿತಾಂಶ, ಎಲ್ಲವೂ ದುಂಡಗಿನ ಅಕ್ಷರಗಳಲ್ಲಿವೆ. ಮಾಹಿತಿ ಆಸ್ಪತ್ರೆಯಲ್ಲೇ ಇತ್ತು, ರೋಗಿಯ ಕೈಗೆ ಬರಲಿಲ್ಲ ಅಷ್ಟೆ. ಆ ಚಾರ್ಟಿನ ಐದಾರು ಸಾಲುಗಳನ್ನು ಸಮ್ಮರಿಯಲ್ಲಿ ಟೈಪ್ ಮಾಡಿಸುವುದಕ್ಕೆ ಹೊಸ ಯಂತ್ರವೂ ಬೇಡ, ಹೊಸ ಸಿಬ್ಬಂದಿಯೂ ಬೇಡ.

ಚಿಕಿತ್ಸೆಗೆ ಐದಕ್ಕೆ ಐದು, ಬಿಡುಗಡೆ ದಾಖಲೆಗೆ ಎರಡು. ಇಲ್ಲಿಗೆ ಹೋಗುವವರು ಹೊರಡುವ ಮುನ್ನ ಡ್ಯೂಟಿ ಡಾಕ್ಟರ ಎದುರೇ ಸಮ್ಮರಿಯನ್ನು ಗಟ್ಟಿಯಾಗಿ ಓದಿಸಿಕೊಳ್ಳಿ, ಕೇಸ್ ಶೀಟಿನ ಪ್ರತಿಯನ್ನೂ ಅಂದೇ ಕೇಳಿ.